ಗಣಿಯೇ ಕೆರೆಯಾದ ರಂಕಾಳ
ಕೊಲ್ಹಾಪುರದ ಮಹಾಲಕ್ಷ್ಮಿ ಗುಡಿಯ ಪಶ್ಚಿಮಕ್ಕಿರುವ ರಂಕಾಳ ಕೆರೆ ಮೊದಲು ಕಲ್ಲುಗಣಿಯಾಗಿತ್ತು, 8-9ನೇ ಶತಮಾನದ ಹೊತ್ತಿಗೆ ಭೂಕಂಪವಾಗಿ ಒಳಗಿನ ನೀರು ಉಕ್ಕಿ ಗಣಿ ತುಂಬಿತು ಎಂಬುದು ಊರವರ ಮಾತು. ಭೂಕಂಪದ ಕಥೆ ಹೇಗೇ ಇರಲಿ, ಆ ಗಣಿಯಲ್ಲಿದ್ದಂಥದೇ ಕರಿಕಲ್ಲು ಮಹಾಲಕ್ಷ್ಮಿ ಗುಡಿಯ ಗೋಡೆಗಳಲ್ಲಿ ಇಂದಿಗೂ ಕಣ್ಣಿಗೆ ಬೀಳುತ್ತದೆ. ಕೆರೆಗೆ ಹೆಸರು ಬಂದದ್ದು ರಂಕಭೈರವ ದೇವರಿಂದ. ನೀರಿನೊಳಗೇ ನಿಂತ ಕಲ್ಲಿನ ಸಂಧ್ಯಾಮಠ ಮಳೆಗಾಲದಲ್ಲಿ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಕಂಬಗಳು ಪಾಚಿಯ ಗೆರೆ ಹೊತ್ತು ಮೇಲೇಳುತ್ತವೆ. ಪಡುದಂಡೆಯ ಶಾಲಿನಿ ಅರಮನೆ ಬಹಳ ಈಚಿನದು. 1931ರಿಂದ 1934ರವರೆಗೆ ಕಟ್ಟಿದ ಅದಕ್ಕೆ ರಾಜಕುಮಾರಿ ಶಾಲಿನಿರಾಜೆಯ ಹೆಸರಿಡಲಾಯಿತು. ಆ ಅರಮನೆ ಮುಂದೆ ಹೋಟೆಲ್ ಆಯಿತು.