ಟಾರು ರಸ್ತೆಗಿಳಿದ ಹಾಲಕ್ಕಿ

ಕುಣಿಗಲ್ ದಾಟಿ ಬರುವಾಗ ರಾತ್ರಿ ರಸ್ತೆಯ ನಡುವೆ ತೆಂಗಿನ ಚಿಪ್ಪಿನಂಥದ್ದೇನೋ ಕಂಡಿತು. ಹತ್ತಿರ ಹೋದರೆ ಚಿಪ್ಪಿಗೆ ಎರಡು ಹಳದಿ ಕಣ್ಣು! ಹಾಲಕ್ಕಿಯ ಮರಿ. ಸ್ಕೂಟರಿನ ಬೆಳಕು ಮುಖಕ್ಕೆ ರಾಚಿದರೂ ಅದು ಕದಲಲಿಲ್ಲ. ದೂರದಲ್ಲಿ ಲಾರಿ ಬರುತ್ತಿತ್ತು. ಟವೆಲ್ ಹಾಕಿ ಎತ್ತಿಕೊಂಡೆ. ಟೀ ಅಂಗಡಿಯವನು ಕೂಗಿದ: 'ಮುಟ್ಬೇಡಿ ಸಾರ್, ಗೂಬೆ ಮನೆ ಹೊಕ್ರೆ ಆರು ತಿಂಗಳು ಬಾಗಿಲು ಹಾಕ್ಬೇಕು.'

ಬುಡಬುಡಿಕೆಯವರು ಇದೇ ಹಾಲಕ್ಕಿಯ ಹೆಸರಿನಲ್ಲಿ ನಮಗೆಲ್ಲ ಭವಿಷ್ಯ ಹೇಳುತ್ತಾರೆ. ಅದರ ಮರಿಯ ಭವಿಷ್ಯ ಮಾತ್ರ ಲಾರಿ ಚಕ್ರದ ಕೆಳಗಿದೆ.

ಗೇಣುದ್ದದ ಈ ಚುಕ್ಕೆ ಗೂಬೆ ಸ್ವತಃ ಗೂಡು ಕಟ್ಟುವುದಿಲ್ಲ. ಹಳೆಯ ಮರದ ಪೊಟರೆ, ಪಾಳು ಗೋಡೆಯ ಸಂದಿಯೇ ಅದಕ್ಕೆ ಬಾಣಂತಿ ಮನೆ. ಬಯಲುಸೀಮೆಯಲ್ಲಿ ಪೊಟರೆ ಬೀಳುವಷ್ಟು ವಯಸ್ಸಾದ ಮರಗಳು ಉಳಿದಿರುವುದೇ ಹೆಚ್ಚಾಗಿ ಸಾಲುಮರಗಳಲ್ಲಿ, ಅಂದರೆ ರಸ್ತೆಯ ಅಂಚಿನಲ್ಲಿ. ಊಟವೂ ಅಲ್ಲೇ. ಬೀದಿದೀಪಕ್ಕೆ ಮುತ್ತುವ ದುಂಬಿ, ಪತಂಗಗಳಿವೆ. ಸುಗ್ಗಿಯಲ್ಲಿ ನಾವು ಹುರುಳಿ, ರಾಗಿಯನ್ನು ರಸ್ತೆಗೇ ಹರಡಿ ಬಸ್ಸುಗಳಿಂದ ಒಕ್ಕಣೆ ಮಾಡಿಸುತ್ತೇವಲ್ಲ, ಆ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಗೂಬೆ ಬರುತ್ತದೆ.

ದೊಡ್ಡ ಹಕ್ಕಿಗಳೂ ಸಾಯುತ್ತವೆ. ಆದರೆ ಮರಿಗಳ ಪಾಡು ಬೇರೆ. ಸುಮಾರು ಒಂದು ತಿಂಗಳಿಗೆ ಪೊಟರೆಯಿಂದ ಹೊರಬೀಳುವ ಮರಿಗೆ ಹಾರಾಟ ಇನ್ನೂ ಕೈಗೂಡಿರುವುದಿಲ್ಲ. ಒಂದು ಕೊಂಬೆಗೆ ಗುರಿಯಿಟ್ಟು ನೆಲಕ್ಕಿಳಿಯುತ್ತದೆ. ಅಪಾಯ ಕಂಡರೆ ಓಡುವುದಿಲ್ಲ, ಅಲುಗಾಡದೆ ಕೂರುತ್ತದೆ. ಬೆಕ್ಕು, ಹಾವುಗಳ ಕಣ್ಣು ತಪ್ಪಿಸಲು ಕಲಿತ ವಿದ್ಯೆ ಅದು. ಲಾರಿಯ ಮುಂದೆ ನಡೆಯುವುದಿಲ್ಲ. ಮಂದ ಬೆಳಕಿಗೆಂದೇ ಇರುವ ಆ ಕಣ್ಣುಗಳಿಗೆ ಹೆಡ್‌ಲೈಟು ಬಿದ್ದರೆ ಏನೂ ತೋಚದು.

ಇಂಗ್ಲೆಂಡಿನಲ್ಲಿ ಕಣಜ ಗೂಬೆಗಳದೂ ಇದೇ ಕಥೆ. ತಾಯ್ತಂದೆಯರನ್ನು ಬಿಟ್ಟು ಹೊಸ ನೆಲೆ ಹುಡುಕಿ ಹೊರಟ ಎಳೆಯ ಹಕ್ಕಿಗಳು ಹೆದ್ದಾರಿಗಳಲ್ಲಿ ಸಾಯುವುದನ್ನು ಅಲ್ಲಿನ ಬಾರ್ನ್ ಔಲ್ ಟ್ರಸ್ಟ್ ವರ್ಷಗಟ್ಟಲೆ ಅಧ್ಯಯನ ಮಾಡಿ 2003ರಲ್ಲಿ ವರದಿ ತಂದಿತು. ರಸ್ತೆಯಂಚಿಗೆ ಒತ್ತಾಗಿ ಮರ, ಬೇಲಿ ಬೆಳೆಸಿದರೆ ತಗ್ಗಿನಲ್ಲಿ ಹಾರುವ ಗೂಬೆ ಮೇಲೇರಿ ದಾಟುತ್ತದೆ ಎಂಬುದು ಅವರ ಸಲಹೆ. ನಾವು ರಸ್ತೆ ಅಗಲ ಮಾಡಲು ಇರುವ ಮರಕ್ಕೇ ಬಣ್ಣದಲ್ಲಿ ನಂಬರು ಬರೆಯುತ್ತೇವೆ!

ಮರಿ ಸಿಕ್ಕರೆ ಮನೆಗೆ ಒಯ್ಯಬೇಡಿ. ಹಾಲು, ಅನ್ನ ತಿನ್ನಿಸಬೇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸದು ಎನ್ನುವುದು ಸುಳ್ಳು. ರೆಕ್ಕೆ, ಕಾಲು ನೆಟ್ಟಗಿದ್ದರೆ ಅದೇ ಮರದ ಎತ್ತರದ ಕವಲಿನಲ್ಲಿ ಕೂರಿಸಿ ದೂರ ಸರಿದರಾಯಿತು. ಪೆಟ್ಟಾಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು, ಕತ್ತಲಲ್ಲಿರಿಸಿ, ಅರಣ್ಯ ಇಲಾಖೆಯವರಿಗೆ ತಿಳಿಸಿ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಸಾಕಿಕೊಳ್ಳುವುದು ಅಪರಾಧ.

ಆ ರಾತ್ರಿ ನನ್ನ ಕೈಗೆ ಕವಲು ಎಟುಕಲಿಲ್ಲ. ಶಕುನ ಹೇಳಿದ ಟೀ ಅಂಗಡಿಯವನೇ ಗೊಣಗುತ್ತ ಬೆಂಚು ತಂದು ಹಾಕಿದ. ದೀಪ ಆರಿಸಿ ಕಾದೆವು. ಕಾಲು ಗಂಟೆಯಲ್ಲಿ ಕೀಚಲು ದನಿಯೆದ್ದಿತು. ತಾಯಿಯೋ ತಂದೆಯೋ, ಕೊಕ್ಕಿನಲ್ಲಿ ಒಂದು ದುಂಬಿ ಹಿಡಿದು ಬಂದು ಕೂತಿತು.