ಓಡಿಸುವುದೋ, ಉಳಿಸುವುದೋ

ಇಂಗ್ಲೆಂಡಿನ ಗುಡ್‌ವುಡ್ ಸರ್ಕೀಟಿನಲ್ಲಿ ಪ್ರತಿ ಸೆಪ್ಟೆಂಬರ್ ನಡೆಯುವ ರಿವೈವಲ್ ಕೂಟದಲ್ಲಿ ಸೇಂಟ್ ಮೇರೀಸ್ ಟ್ರೋಫಿ ಎಂಬ ಪಂದ್ಯವಿದೆ. 1950 ಮತ್ತು 60ರ ದಶಕದ ಸಲೂನ್ ಕಾರುಗಳಿಗೆಂದೇ ಮೀಸಲಾದ ಪಂದ್ಯ ಅದು. ಬಿಳಿ ಮೈಗೆ ಹಸಿರು ಪಟ್ಟಿ ಬಳಿದ ಲೋಟಸ್ ಕಾರ್ಟಿನಾ ವೇಗವಾಗಿ ತಿರುವಿಗೆ ನುಗ್ಗಿದಾಗ ಅದರ ಒಳಬದಿಯ ಮುಂಚಕ್ರ ನೆಲ ಬಿಟ್ಟು ಮೇಲೇಳುತ್ತದೆ. 1964ರಲ್ಲಿ ಜಿಮ್ ಕ್ಲಾರ್ಕ್ ಅದನ್ನು ಓಡಿಸುತ್ತಿದ್ದ ಫೋಟೋಗಳಲ್ಲಿ ಕಾಣುವುದೂ ಇದೇ ಭಂಗಿ. ನೋಡಿದವರ ಮೈ ಜುಮ್ಮೆನ್ನುತ್ತದೆ. ಆದರೆ ಅರವತ್ತು ವರ್ಷ ಹಳೆಯ ತಗಡು ಮುಂದಿನ ತಿರುವಿನಲ್ಲಿ ಇನ್ನೊಂದು ಕಾರಿಗೆ ಬಡಿದು ನಜ್ಜುಗುಜ್ಜಾದರೆ ಏನು ಗತಿ ಎಂಬ ಆತಂಕವೂ ಜೊತೆಗೇ ಇರುತ್ತದೆ. ಇಂಥ ಕಾರನ್ನು ಓಡಿಸುತ್ತಲೇ ಇರಬೇಕೇ, ಇಲ್ಲ ಇದ್ದಂತೆಯೇ ಕಾಪಾಡಬೇಕೇ? ಎರಡೂ ಕಡೆ ಈ ಕಾರುಗಳನ್ನು ಮನಸಾರೆ ಪ್ರೀತಿಸುವವರೇ ಇದ್ದಾರೆ. ಅದಕ್ಕೇ ಈ ವಾದವನ್ನು ತಾಳ್ಮೆಯಿಂದ ಕೇಳಬೇಕು.

ಮೊದಲು ಕಾರಿನ ವಿಷಯ. 1962ರಲ್ಲಿ ಬಂದ ಫೋರ್ಡ್ ಕಾರ್ಟಿನಾ ಮಧ್ಯಮ ವರ್ಗದ ಸಂಸಾರದ ಕಾರು. ಅದಕ್ಕೆ ರೇಸಿನ ಕಳೆ ತರಬೇಕೆಂದು ಬ್ರಿಟನ್ನಿನ ಫೋರ್ಡ್ ಕಂಪನಿಯ ವಾಲ್ಟರ್ ಹೇಯ್ಸ್ ಅವರು ಲೋಟಸ್‌ನ ಕಾಲಿನ್ ಚಾಪ್‌ಮನ್ ಅವರ ಕೈಗೆ ಕೊಟ್ಟರು. ಆಗಿನ ಪಂದ್ಯದ ನಿಯಮದಂತೆ ಒಂದು ಸಾವಿರ ಕಾರುಗಳನ್ನಾದರೂ ತಯಾರಿಸಬೇಕಿತ್ತು. ಚೆಷಂಟ್‌ನ ಲೋಟಸ್ ಕಾರ್ಖಾನೆಗೆ ಫೋರ್ಡ್‌ನಿಂದ ಬಾಡಿಗಳು ಬಂದವು. ಅವುಗಳಿಗೆ 1558 ಸಿಸಿಯ, ಎರಡು ಕ್ಯಾಮ್‌ಶಾಫ್ಟಿನ, 105 ಅಶ್ವಶಕ್ತಿಯ ಇಂಜಿನ್ ಕೂರಿಸಿದರು. ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳಗಳನ್ನು ಅಲ್ಯೂಮಿನಿಯಂನಲ್ಲಿ ಮಾಡಿದರು. ಹಿಂದಿನ ಲೀಫ್ ಸ್ಪ್ರಿಂಗ್ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿ, ಆಕ್ಸಲನ್ನು ‘ಎ’ ಆಕಾರದ ಚೌಕಟ್ಟಿನಿಂದ ಹಿಡಿದಿಟ್ಟರು. 1964ರಲ್ಲಿ ಕ್ಲಾರ್ಕ್ ಇದೇ ಕಾರಿನಲ್ಲಿ ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್ ಆದರು. ಮರುವರ್ಷ ಜಾನ್ ವಿಟ್‌ಮೋರ್ ಯುರೋಪಿಯನ್ ಟೂರಿಂಗ್ ಕಾರ್ ಪಟ್ಟ ಗೆದ್ದರು.

ಮೊದಲ ಮಾದರಿಯ ಸಾಮಾನ್ಯ ಕಾರ್ಟಿನಾಗಳು ಸುಮಾರು ಹತ್ತು ಲಕ್ಷ ತಯಾರಾದವು. ಲೋಟಸ್ ಕಾರ್ಟಿನಾಗಳು ಸುಮಾರು 3,300 ಮಾತ್ರ. ಎರಡರ ಬಾಡಿಯ ಮೂಲ ಅಚ್ಚು ಒಂದೇ. ಹೀಗಾಗಿ ಸಾಮಾನ್ಯ ಎರಡು ಬಾಗಿಲಿನ ಕಾರ್ಟಿನಾಕ್ಕೆ ಬಿಳಿ ಬಣ್ಣ ಹೊಡೆದು, ಹಸಿರು ಪಟ್ಟಿ ಎಳೆದು, ಟ್ವಿನ್ ಕ್ಯಾಮ್ ಇಂಜಿನ್ ಕೂರಿಸಿದರೆ ಹತ್ತಿರ ನಿಂತು ನೋಡಿದವರಿಗೂ ವ್ಯತ್ಯಾಸ ಸುಲಭಕ್ಕೆ ತಿಳಿಯದು. ನಂಬರ್ ಕೊರೆದ ತಗಡಿನ ಪಟ್ಟಿಯನ್ನು ಒಂದು ಕಾರಿನಿಂದ ಕಿತ್ತು ಇನ್ನೊಂದಕ್ಕೆ ಜಡಿಯುವುದು ಕೆಲವೇ ನಿಮಿಷಗಳ ಕೆಲಸ. ಬೆಲೆ ಏರಿದಷ್ಟೂ ಇಂಥ ಆಸೆ ಹೆಚ್ಚುತ್ತದೆ.

ಆದ್ದರಿಂದ ಅಸಲಿತನ ಪರೀಕ್ಷಿಸುವವರು ಹೊರಮೈಗೆ ಮರುಳಾಗುವುದಿಲ್ಲ. ಡಿಕ್ಕಿ ತೆರೆಸುತ್ತಾರೆ. ಲೋಟಸ್ ಕಾರಿನಲ್ಲಿ ಬ್ಯಾಟರಿಯನ್ನು ಮುಂದಿನಿಂದ ತೆಗೆದು ಡಿಕ್ಕಿಗೆ ತಂದಿದ್ದರು, ಸ್ಟೆಪ್ನಿಯ ಜಾಗವನ್ನೂ ಬದಲಿಸಿದ್ದರು. ಕಾಯಿಲ್ ಸ್ಪ್ರಿಂಗಿನ ಒತ್ತಡ ತಡೆಯಲು ಡಿಕ್ಕಿಯೊಳಗೆ ಕಬ್ಬಿಣದ ಆಸರೆಗಳನ್ನು ಸೇರಿಸಿದ್ದರು. ಇವು ಇವೆಯೇ? ಇದ್ದರೆ ಅವುಗಳ ಬೆಸುಗೆ ಯಾವ ಕಾಲದ್ದು? ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಸಮಾನ ಅಂತರದಲ್ಲಿ ಗುಂಡು ಚುಕ್ಕೆಗಳಂತೆ ಕಾಣುತ್ತದೆ. ಆಮೇಲೆ ಗ್ಯಾರೇಜಿನಲ್ಲಿ ಕೈಯಿಂದ ಹಾಕಿದ ವೆಲ್ಡಿಂಗ್ ಉದ್ದಕ್ಕೆ ಉಬ್ಬಿಕೊಂಡಿರುತ್ತದೆ, ಇಲ್ಲವೇ ಉಬ್ಬನ್ನು ಗ್ರೈಂಡರ್‌ನಲ್ಲಿ ಉಜ್ಜಿದ ಗುರುತಿರುತ್ತದೆ. ಬಾಗಿಲಿನ ರಬ್ಬರ್ ಪಟ್ಟಿಯನ್ನು ಸರಿಸಿ, ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ನೋಡುತ್ತಾರೆ. ಈ ಕಾರುಗಳಲ್ಲಿ ಬಹುಪಾಲು ಹುಟ್ಟುವಾಗಲೇ ಬಿಳಿ. ಬಿಳಿಯ ಅಡಿಯಲ್ಲಿ ನೀಲಿಯೋ ಬೂದಿಯೋ ಇಣುಕಿದರೆ ಅನುಮಾನ ಬಲವಾಗುತ್ತದೆ. ಕೊನೆಗೆ ಕಾಗದಪತ್ರ, ಹಳೆಯ ಫೋಟೋ, ಪಂದ್ಯದ ದಾಖಲೆಗಳು.

ರಿಪೇರಿಯ ಕಷ್ಟ ಶುರುವಾಗುವುದೇ ಇಲ್ಲಿ. ಕಾರ್ಟಿನಾದ ಮುಂಭಾಗದಲ್ಲಿ ಸಸ್ಪೆನ್ಷನ್ನಿನ ಮೇಲ್ತುದಿ ಬಂದು ಕೂರುವ ತಗಡು ತುಕ್ಕಿಗೆ ಬೇಗ ಬಲಿಯಾಗುತ್ತದೆ. ಅದು ತೂತಾದರೆ ಕಾರು ಓಡಿಸುವುದೇ ಅಪಾಯ. ಹಾಗಾಗಿ ಬಣ್ಣ ಕೆರೆದು, ಮರಳು ಸಿಡಿಸಿ, ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಸೇರಿಸಲೇಬೇಕು. ಕೆಲಸ ಎಷ್ಟು ಚೊಕ್ಕಟವೋ ಹಳೆಯ ಸಾಕ್ಷ್ಯ ಅಷ್ಟು ಅಳಿಯುತ್ತದೆ. ಬಣ್ಣದ ಪದರಗಳು, ಕಾರ್ಖಾನೆಯ ಬೆಸುಗೆ, 1965ರಲ್ಲಿ ಯಾರೋ ಮೆಕ್ಯಾನಿಕ್ ಅವಸರದಲ್ಲಿ ಕೊರೆದ ತೂತು, ಎಲ್ಲ ಒಂದೇ ಏಟಿಗೆ ಹೋಗುತ್ತವೆ. ಕಾರನ್ನು ಬದುಕಿಸುವ ಕೈಯೇ ಅದರ ಗುರುತನ್ನೂ ಒರೆಸುತ್ತದೆ.

ಉಳಿಸಬೇಕೆನ್ನುವವರ ವಾದದ ಬಲ ಇರುವುದು ಇಲ್ಲಿಯೇ. ಅವರ ಮಟ್ಟಿಗೆ ಹಳೆಯ ರೇಸ್ ಕಾರು ಒಂದು ದಾಖಲೆ. ಆ ಕಾಲದವರು ತೂಕ ಇಳಿಸಲು ಏನು ಮಾಡಿದರು, ಬ್ರೇಕಿಗೆ ಗಾಳಿ ಹೇಗೆ ತಂದರು, ಅಪಘಾತವಾದ ಮೇಲೆ ಮುಂದಿನ ಭಾನುವಾರದೊಳಗೆ ಹೇಗೆ ನೆಟ್ಟಗೆ ಮಾಡಿದರು ಎಂಬುದನ್ನು ಯಾವ ಪುಸ್ತಕವೂ ಆ ತಗಡಿನಷ್ಟು ನಿಖರವಾಗಿ ಹೇಳದು. ಮಾಂಟೆ ಕಾರ್ಲೋ ರ‍್ಯಾಲಿಯನ್ನು 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಗೆದ್ದ ಮಿನಿ ಕೂಪರ್ ಎಸ್ ಇಂದು ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಅದನ್ನು ಪ್ರತಿವರ್ಷ ಪಂದ್ಯಕ್ಕೆ ಇಳಿಸಿದ್ದರೆ ಇಷ್ಟರಲ್ಲಿ ಅದರ ಅರ್ಧ ಭಾಗ ಹೊಸದಾಗಿರುತ್ತಿತ್ತು.

ಅವರು ಇನ್ನೊಂದು ಮಾತನ್ನೂ ಹೇಳುತ್ತಾರೆ, ಅದನ್ನು ತಳ್ಳಿಹಾಕುವುದು ಕಷ್ಟ. ಇಂದು ಪಂದ್ಯಕ್ಕಿಳಿಯುವ ಕಾರು 1964ರ ಕಾರಿನಂತೆ ಓಡುವುದೇ ಇಲ್ಲ. ಸುರಕ್ಷತೆಗಾಗಿ ಒಳಗೆ ರೋಲ್ ಕೇಜ್ ಕೂರಿಸಬೇಕು. ಅದರಿಂದ ಬಾಡಿ ಎಷ್ಟೋ ಗಟ್ಟಿಯಾಗುತ್ತದೆ. ಇಂಜಿನ್ ಕಟ್ಟುವವರ ಜಾಣ್ಮೆ ಅರವತ್ತು ವರ್ಷಗಳಲ್ಲಿ ಬಹಳ ಬೆಳೆದಿದೆ. ಆ ಕಾಲದ ಪಂದ್ಯದ ಇಂಜಿನ್ ಕೊಡುತ್ತಿದ್ದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಅದೇ 1558 ಸಿಸಿ ಅಳತೆಯಿಂದ ಈಗ ಹೊರಡಿಸುತ್ತಾರೆ. ಚಾಲಕರ ಸಾಲಿನಲ್ಲಿ ಈಗಿನ ವೃತ್ತಿಪರರೂ ಇರುತ್ತಾರೆ. ಹಾಗಿರುವಾಗ ನಾವು ನೋಡುತ್ತಿರುವುದು ಇತಿಹಾಸವನ್ನೋ, ಇತಿಹಾಸದ ವೇಷ ತೊಟ್ಟ ಇಂದಿನ ಪಂದ್ಯವನ್ನೋ?

ಓಡಿಸಬೇಕೆನ್ನುವವರ ಬಳಿಯೂ ಗಟ್ಟಿ ಉತ್ತರಗಳಿವೆ. ಮೊದಲನೆಯದು, ನಿಂತ ಕಾರು ಹಾಳಾಗದೆ ಇರುವುದಿಲ್ಲ. ಸೀಲುಗಳು ಒಣಗಿ ಬಿರಿಯುತ್ತವೆ, ವೆಬರ್ ಕಾರ್ಬ್ಯುರೇಟರಿನ ಸಣ್ಣ ಕಿಂಡಿಗಳಲ್ಲಿ ಪೆಟ್ರೋಲ್ ಅಂಟಾಗಿ ಕಟ್ಟಿಕೊಳ್ಳುತ್ತದೆ, ಸಿಲಿಂಡರಿನೊಳಗೆ ತೇವ ಕೂರುತ್ತದೆ. ಎರಡನೆಯದು ಕೈಚಳಕದ ಮಾತು. ಟ್ವಿನ್ ಕ್ಯಾಮ್ ಇಂಜಿನ್ನಿನ ವಾಲ್ವುಗಳ ಸಂದನ್ನು ತೆಳು ಶಿಮ್‌ಗಳಿಟ್ಟು ಸರಿಹೊಂದಿಸುವ ಕೆಲಸ ಪುಸ್ತಕ ಓದಿ ಬರುವಂಥದ್ದಲ್ಲ. ಒಂದೊಂದಾಗಿ ಅಳೆದು, ಕ್ಯಾಮ್‌ಶಾಫ್ಟ್ ಬಿಚ್ಚಿ, ಶಿಮ್ ಬದಲಿಸಿ, ಮತ್ತೆ ಬಿಗಿದು ಅಳೆಯಬೇಕು. ಇಂಥ ಕೆಲಸ ಬಲ್ಲ ಹಿರಿಯರ ಪಕ್ಕದಲ್ಲಿ ಹುಡುಗರು ನಿಂತು ಕಲಿಯಬೇಕೆಂದರೆ ಗ್ಯಾರೇಜಿಗೆ ಕೆಲಸ ಬರುತ್ತಿರಬೇಕು. ಪಂದ್ಯಗಳು ನಡೆಯುವುದರಿಂದಲೇ ಹೊಸ ಸಿಲಿಂಡರ್ ಹೆಡ್ಡುಗಳ ಎರಕವಾಗುತ್ತಿದೆ, ಆ ಕಾಲದ ನಮೂನೆಯ ಡನ್‌ಲಪ್ ರೇಸಿಂಗ್ ಟೈರುಗಳು ಸಿಗುತ್ತಿವೆ. ಮ್ಯೂಸಿಯಂನ ಕಾರಿಗೂ ನಾಳೆ ಒಂದು ಭಾಗ ಬೇಕಾದರೆ ಅದು ಬರಬೇಕಾದ್ದು ಇದೇ ಅಂಗಡಿಗಳಿಂದ.

ಮೂರನೆಯ ಉತ್ತರ ಇನ್ನೂ ಆಳದ್ದು. ರೇಸ್ ಕಾರಿಗೆ ಬದಲಾಗದ ಮೂಲರೂಪ ಎಂಬುದು ಎಂದಾದರೂ ಇತ್ತೇ? ‘ಎ’ ಚೌಕಟ್ಟಿನ ಕಥೆಯನ್ನೇ ನೋಡಿ. ಅದರ ಒತ್ತಡಕ್ಕೆ ಡಿಫರೆನ್ಶಿಯಲ್ಲಿನ ಬೋಲ್ಟುಗಳು ಸಡಿಲಗೊಂಡು ಎಣ್ಣೆ ಸೋರುತ್ತಿತ್ತು, ಸೋರಿದ ಎಣ್ಣೆ ರಬ್ಬರ್ ಬುಷ್‌ಗಳನ್ನು ತಿನ್ನುತ್ತಿತ್ತು. 1965ರ ಮಧ್ಯದಲ್ಲಿ ಕಾರ್ಖಾನೆಯೇ ಅದನ್ನು ಕೈಬಿಟ್ಟು ಲೀಫ್ ಸ್ಪ್ರಿಂಗಿಗೆ ಮರಳಿತು. ಮೊದಲಿನ ಕಾರುಗಳ ಮಾಲೀಕರಲ್ಲೂ ಹಲವರು ಹೊಸ ಜೋಡಣೆ ಹಾಕಿಸಿಕೊಂಡರು. ಈಗ ಅಂಥ ಕಾರನ್ನು ರಿಪೇರಿಗೆ ತಂದರೆ ಯಾವ ಸ್ಥಿತಿಗೆ ಮರಳಿಸಬೇಕು? 1963ರಲ್ಲಿ ಕಾರ್ಖಾನೆಯಿಂದ ಹೊರಟ ದಿನಕ್ಕೋ, 1966ರಲ್ಲಿ ಪಂದ್ಯ ಗೆದ್ದ ದಿನಕ್ಕೋ? ಯಾವುದನ್ನು ಆರಿಸಿದರೂ ಇನ್ನೊಂದು ಅಳಿಯುತ್ತದೆ.

ಇಂಗ್ಲೆಂಡಿನ ನ್ಯಾಯಾಲಯವೂ ಒಮ್ಮೆ ಈ ಪ್ರಶ್ನೆಗೆ ಎದುರಾಗಿತ್ತು. ಕಾರು ಮಾತ್ರ ಸಲೂನ್ ಅಲ್ಲ, 1929 ಮತ್ತು 1930ರ ಲ ಮಾನ್ ಪಂದ್ಯ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಭೀಕರ ಅಪಘಾತಕ್ಕೆ ಸಿಕ್ಕಿ ಬೇರೆಯೇ ರೂಪದಲ್ಲಿ ಮರುಹುಟ್ಟು ಪಡೆದಿದ್ದ ಅದರಲ್ಲಿ ಲ ಮಾನ್ ಗೆದ್ದಾಗಿನ ಭಾಗಗಳು ಬಹಳ ಕಡಿಮೆ ಉಳಿದಿದ್ದವು. ಒಂದು ಕೋಟಿ ಪೌಂಡಿಗೆ ವ್ಯಾಪಾರ ಕುದುರಿದ ಮೇಲೆ ಕೊಳ್ಳುವವರು ಇದು ಅಸಲಿಯಲ್ಲ ಎಂದು ಹಿಂದೆ ಸರಿದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ಮಾರಾಟಗಾರರ ಪರ ತೀರ್ಪಿತ್ತರು. ಭಾಗಗಳು ಬದಲಾಗಿದ್ದರೂ ಕಾರಿನ ಇತಿಹಾಸ ಎಲ್ಲಿಯೂ ಕಡಿದುಹೋಗಿಲ್ಲ, ಆ ಹೆಸರಿಗೆ ಹಕ್ಕುಳ್ಳ ಬೇರೆ ಕಾರೂ ಇಲ್ಲ ಎಂಬುದು ತೀರ್ಪಿನ ತಿರುಳು. ಓಡಿಸುವ ಪಕ್ಷಕ್ಕೆ ಇದು ದೊಡ್ಡ ಬಲ. ಆದರೆ ಅಸಲಿ ಎಂಬ ಹೆಸರು ಉಳಿದ ಮಾತ್ರಕ್ಕೆ ಹೋದ ತಗಡು ಹೇಳಬೇಕಿದ್ದ ಸಂಗತಿ ಮರಳಿ ಬಾರದು ಎಂಬುದನ್ನೂ ಮರೆಯಬಾರದು.

ಹಾಗಾದರೆ ತದ್ರೂಪಿ ಕಾರು ಕಟ್ಟಿ ಓಡಿಸಿದರಾಗದೇ? ಆಗುತ್ತದೆ, ಆಗುತ್ತಲೂ ಇದೆ. ಅಂತರರಾಷ್ಟ್ರೀಯ ಮೋಟರ್ ಕ್ರೀಡಾ ಸಂಸ್ಥೆ ಎಫ್‌ಐಎ ಹಳೆಯ ಕಾರುಗಳ ಪಂದ್ಯಕ್ಕೆ ತಾಂತ್ರಿಕ ಪಾಸ್‌ಪೋರ್ಟ್ ಕೊಡುತ್ತದೆ. ಕಾರು ಆ ಕಾಲದ ಅಳತೆ, ಲಕ್ಷಣಗಳಿಗೆ ಒಪ್ಪುತ್ತದೆಯೇ ಎಂಬುದಷ್ಟೇ ಅದರ ಸಾಕ್ಷಿ. ಅಸಲಿತನಕ್ಕೆ ಅದು ಪ್ರಮಾಣಪತ್ರವಲ್ಲ. ಸಾಮಾನ್ಯ ಕಾರ್ಟಿನಾದ ಬಾಡಿಯಿಂದ ಹೊಸದಾಗಿ ಕಟ್ಟಿದ ಕಾರೂ ಈ ದಾರಿಯಲ್ಲಿ ಪಂದ್ಯಕ್ಕೆ ಬರಬಹುದು. ಮೂಲವಿಗ್ರಹ ಗರ್ಭಗುಡಿಯಲ್ಲೇ ಇದ್ದು, ಉತ್ಸವಮೂರ್ತಿ ತೇರಿನಲ್ಲಿ ಬೀದಿಗೆ ಬರುವ ನಮ್ಮ ಪದ್ಧತಿಯಂತೆ ಇದು ಎರಡೂ ಕಡೆಯವರನ್ನು ಸಮಾಧಾನಪಡಿಸಬಲ್ಲ ದಾರಿ. ಅಪಾಯ ಇರುವುದು ಮುಂದಿನ ತಲೆಮಾರಿನಲ್ಲಿ. ಮೂವತ್ತು ವರ್ಷ ಪಂದ್ಯದಲ್ಲಿ ಓಡಿದ ತದ್ರೂಪಿಗೂ ಮುಪ್ಪಿನ ಕಳೆ ಬರುತ್ತದೆ, ಕಡತ ದಪ್ಪವಾಗುತ್ತದೆ, ಮೂರು ಕೈ ದಾಟಿದ ಮೇಲೆ ಅದು ಹೇಗೆ ಹುಟ್ಟಿತೆಂಬುದು ಯಾರ ನೆನಪಿನಲ್ಲೂ ಉಳಿಯದೇ ಹೋಗಬಹುದು.

ಕಾನೂನು, ಸನ್ನದುಗಳು ಏನನ್ನುತ್ತವೆ? ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾದ ಟ್ಯೂರಿನ್ ಸನ್ನದು ಎರಡೂ ಕಡೆಯನ್ನು ಹಿಡಿದಿದೆ. ಸಾಧ್ಯವಾದಷ್ಟು ಕಡಿಮೆ ಬದಲಿಸಿ, ಬದಲಿಸಿದ್ದನ್ನು ದಾಖಲಿಸಿ ಎನ್ನುತ್ತಲೇ, ವಾಹನವನ್ನು ಬಳಸುವುದೂ ಅದನ್ನು ಉಳಿಸುವ ದಾರಿ ಎಂದು ಒಪ್ಪುತ್ತದೆ. ನಮ್ಮಲ್ಲಿ 2021ರಲ್ಲಿ ಬಂದ ಕೇಂದ್ರ ಮೋಟರು ವಾಹನ ನಿಯಮದ ತಿದ್ದುಪಡಿ ಇನ್ನೂ ಬಿಗಿ. ಐವತ್ತು ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕೆಂದರೆ ಅದು ಮೂಲರೂಪದಲ್ಲೇ ಇರಬೇಕು. ಚಾಸಿಸ್, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ದಿನನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಉಂಟು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಳೆಯ ಕಾರು ಇಟ್ಟುಕೊಂಡವರಿಗೆ ಮೂಲರೂಪ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆ ಆರ್‌ಟಿಒ ಕಚೇರಿಯಲ್ಲೇ ಎದುರಾಗುತ್ತದೆ.

ಎರಡು ಪಕ್ಷಗಳನ್ನೂ ತೂಗಿದ ಮೇಲೆ ನನಗನಿಸುವುದಿಷ್ಟು. ಸಾಮಾನ್ಯವಾಗಿ ನಾವು ಕೀರ್ತಿಯನ್ನು ಅಳತೆಗೋಲಾಗಿ ಹಿಡಿಯುತ್ತೇವೆ: ಹೆಸರಾಂತ ಕಾರನ್ನು ಗಾಜಿನ ಹಿಂದಿಡಿ, ಹೆಸರಿಲ್ಲದ್ದನ್ನು ಓಡಿಸಿ. ಈ ಅಳತೆ ಸರಿಯಲ್ಲ. ಕಾರಿನಲ್ಲಿ ಇನ್ನೂ ಯಾರೂ ಮುಟ್ಟದ ಸಾಕ್ಷ್ಯ ಎಷ್ಟು ಉಳಿದಿದೆ ಎಂಬುದೇ ಅಳತೆಯಾಗಬೇಕು. ಬಾಡಿ ಒಮ್ಮೆ ಬದಲಾಗಿ, ಇಂಜಿನ್ ಹಲವು ಸಲ ಬದಲಾದ ಚಾಂಪಿಯನ್ ಕಾರು ಇನ್ನೊಂದು ಪಂದ್ಯ ಓಡಿದರೆ ಕಳೆದುಕೊಳ್ಳುವುದು ಕಡಿಮೆ. ಓಡುವುದೇ ಅದರ ಇತಿಹಾಸದ ಮುಂದುವರಿಕೆ. ಅದೇ 1964ರಲ್ಲಿ ಯಾರೋ ಡಾಕ್ಟರು ಕೊಂಡು, ಆಸ್ಪತ್ರೆಗೆ ಹೋಗಿ ಬಂದು, ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಕಾರ್ಖಾನೆಯ ಬಣ್ಣ, ಬೆಸುಗೆ, ಸೀಟಿನ ಹೊಲಿಗೆ ಹಾಗೇ ಉಳಿದಿದ್ದರೆ, ಪಂದ್ಯದ ದಾಖಲೆಯಲ್ಲಿ ಹೆಸರಿಲ್ಲದಿದ್ದರೂ ಅದನ್ನು ರೇಸಿಗಾಗಿ ಬಿಚ್ಚುವುದು ತಪ್ಪು. ಬೇರೆ ಕಾರುಗಳ ಅಸಲಿತನವನ್ನು ಅಳೆಯಲು ಅದೇ ಮಾದರಿ.

ಈ ನಿಲುವಿಗೂ ಬೆಲೆ ತೆರಬೇಕು. ಸ್ವಂತ ದುಡ್ಡಿನಲ್ಲಿ ಕೊಂಡವನ ಕೈಕಟ್ಟಿದಂತಾಗುತ್ತದೆ. ನಾವು ಓಡಿಸಿ ಎಂದ ಕಾರುಗಳಲ್ಲಿ ಕೆಲವು ಖಂಡಿತ ಜಖಂ ಆಗುತ್ತವೆ. ಆದರೂ ಒಂದು ವಿಷಯದಲ್ಲಿ ಎರಡು ಪಕ್ಷಗಳೂ ಇಂದೇ ಒಂದಾಗಬಹುದು. ಕೆಲಸ ಶುರುಮಾಡುವ ಮೊದಲು ಪ್ರತಿ ಮೂಲೆಯ ಫೋಟೋ ತೆಗೆಯಿರಿ. ಕತ್ತರಿಸಿದ ತಗಡನ್ನು ಗುಜರಿಗೆ ಹಾಕದೆ ಕಾರಿನ ಜೊತೆಗೇ ಇಡಿ. ಹೊಸ ಭಾಗಕ್ಕೆ ಅಳಿಯದ ಗುರುತು ಹಾಕಿ. ಪಂದ್ಯ ನಡೆಸುವವರು ಮುದ್ರಿತ ಕಾರ್ಯಕ್ರಮ ಪಟ್ಟಿಯಲ್ಲಿ ಚಾಲಕನ ಹೆಸರಿನ ಪಕ್ಕದಲ್ಲೇ ಈ ಕಾರು ಅಸಲಿ ಬಾಡಿಯದ್ದೋ, ಬಾಡಿ ಬದಲಾದದ್ದೋ, ಹೊಸದಾಗಿ ಕಟ್ಟಿದ್ದೋ ಎಂದು ಅಚ್ಚುಹಾಕಲಿ. ಕಾರು ಸವೆದರೆ, ಮುರಿದರೆ ಮತ್ತೆ ಕಟ್ಟಬಹುದು. ಆದರೆ ಒಮ್ಮೆ ಸುಳ್ಳು ಚರಿತ್ರೆ ಅಂಟಿಸಿಕೊಂಡ ಕಾರು ತನ್ನೊಡನೆ ಅಸಲಿ ಕಾರುಗಳನ್ನೂ ಅನುಮಾನಕ್ಕೆ ಗುರಿಮಾಡುತ್ತದೆ. ಆ ನಷ್ಟವನ್ನು ಯಾವ ಗ್ಯಾರೇಜೂ ರಿಪೇರಿ ಮಾಡಲಾರದು.