ಪುಟ್ಟ ನಾಯಿಗೂ ಪಾಠ ಬೇಕು

ಗೇಟು ತೆರೆದ ಕೂಡಲೇ ನಿಮ್ಮ ಮನೆಯ ಪಾಮೇರಿಯನ್ ರಸ್ತೆಗೆ ಓಡುತ್ತಾ? ಬಂದವರ ಸೆರಗು ಹಿಡಿದು ಎಳೆಯುತ್ತಾ? ದೊಡ್ಡ ನಾಯಿ ಹೀಗೆ ಮಾಡಿದರೆ ಕಟ್ಟಿಹಾಕ್ತೀವಿ. ಪುಟ್ಟದು ಮಾಡಿದರೆ 'ಪಾಪ, ಮರಿ' ಅಂತ ಎತ್ತಿಕೊಂಡು ಮುದ್ದಿಸ್ತೀವಿ. ಆದರೆ ಎದುರಿಗೆ ಬರುವ ಆಟೋಗೆ ಅದು ಮುದ್ದಿನ ಮರಿ ಅಂತ ಗೊತ್ತಿರುವುದಿಲ್ಲ. ಕಚ್ಚಿದರೂ ಅಷ್ಟೇ, ಹಲ್ಲು ಸಣ್ಣದು ಅಂತ ರೇಬಿಸ್ ಭಯ ಸಣ್ಣದಾಗುವುದಿಲ್ಲ. ಲಸಿಕೆಯ ಜತೆಗೆ ಪಾಠವೂ ಬೇಕು.

ಇಂಥ ನಾಯಿಗೆ ಹೇಳಿ ಮಾಡಿಸಿದ ಆಟ 'ರ‍್ಯಾಲಿ ಒಬೀಡಿಯನ್ಸ್'. ಅಮೆರಿಕನ್ ಕೆನಲ್ ಕ್ಲಬ್ 2005ರಲ್ಲಿ ಇದನ್ನು ಅಧಿಕೃತ ಸ್ಪರ್ಧೆಯಾಗಿಸಿತು. ದಾರಿಯುದ್ದಕ್ಕೂ ಫಲಕಗಳು: 'ಕೂರಿಸಿ', 'ಬಲಕ್ಕೆ ತಿರುಗಿ', 'ನಿಧಾನ'. ಮೊದಲ ಹಂತದಲ್ಲಿ 10ರಿಂದ 15 ಇರುತ್ತವೆ. ನಾಯಿಯನ್ನು ಎಡಕ್ಕೆ ನಡೆಸಿಕೊಂಡು ಒಂದೊಂದನ್ನೇ ಮುಗಿಸುತ್ತಾ ಹೋಗಬೇಕು. ಮಾತಾಡಿಸಬಹುದು, ಶಭಾಷ್ ಅನ್ನಬಹುದು. ಹಗ್ಗ ಬಿಗಿ ಹಿಡಿದರೆ, ಗದರಿದರೆ ಅಂಕ ಹೋಗುತ್ತೆ! ನನಗೆ ಹಿಡಿಸಿದ್ದೇ ಇದು. ನಾಯಿ ಪಳಗಿಸೋದು ಅಂದರೆ ಗಂಡಸರ ಗದರಿಕೆ ಅಂತಲೇ ನಮ್ಮಲ್ಲಿ ಲೆಕ್ಕ. ಈ ಆಟದಲ್ಲಿ ದಿನವಿಡೀ ಅನ್ನ ಹಾಕಿ ಮಾತಾಡಿಸುವ ನಿಮ್ಮದೇ ಮೇಲುಗೈ.

ರಾಮಗಿರಿಯ ಅಂಗಳವಾಗಲಿ, ದುರ್ಗದ ತಾರಸಿಯಾಗಲಿ, ಹತ್ತು ಹೆಜ್ಜೆ ಜಾಗವಿದ್ದರೆ ಸಾಕು. ಹಳೇ ಕ್ಯಾಲೆಂಡರಿನ ಹಿಂಬದಿಗೆ ನಾಲ್ಕು ಫಲಕ ಬರೆದು ಬಕೆಟ್ಟಿಗೆ ಒರಗಿಸಿ. ಬೇಸಿಗೆಯಲ್ಲಿ ರಂಗೋಲಿ ಹಾಕುವ ಹೊತ್ತಿಗೇ ಮುಗಿಸಿಬಿಡಿ. ನಿಮ್ಮ ಕೈಗೆ ನೆಲ ಸುಟ್ಟರೆ ಅದರ ಕಾಲಿಗೂ ಸುಡುತ್ತೆ. ಪುಟ್ಟ ನಾಯಿಯ ಗಂಟಲು ಸೂಕ್ಷ್ಮ, ಕುತ್ತಿಗೆ ಪಟ್ಟಿಗಿಂತ ಎದೆಗೆ ಹಾಕುವ ಬೆಲ್ಟು ಒಳ್ಳೇದು.

ನಿಜವಾದ ತೊಂದರೆ ಎತ್ತರದ್ದು. ಪದೇ ಪದೇ ಬಗ್ಗಿದರೆ ನಿಮ್ಮ ಸೊಂಟ ಹಿಡಿಯುತ್ತೆ, ಮೈಮೇಲೆ ಬಗ್ಗಿ ನಿಂತರೆ ಅದು ಹೆದರಿ ದೂರ ಸರಿಯುತ್ತೆ. ಉದ್ದನೆಯ ಮರದ ಸೌಟಿನ ತುದಿಗೆ ಬೆಂದ ಮೊಟ್ಟೆಯ ಚೂರು ಇಟ್ಟು ಅದರ ಮೂಗಿನ ಹತ್ತಿರ ಹಿಡಿಯಿರಿ. ಕಡಲೆಕಾಳಿನಷ್ಟು ಸಾಕು, ಊಟದಲ್ಲಿ ಅಷ್ಟನ್ನು ಕಡಿಮೆ ಮಾಡಿ. ದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಮಾತ್ರ ಬೇಡವೇ ಬೇಡ, ನಾಯಿಗೆ ಅವು ವಿಷ. ಸೆರಗು ಸಿಕ್ಕಿಸಿಕೊಂಡು ಪುಟ್ಟ ಹೆಜ್ಜೆ ಇಡಿ.

ಮನೆಮಾತು ಕನ್ನಡವಾದರೂ ನಾಯಿಗೆ ಮಾತ್ರ ಇಂಗ್ಲಿಷೇ ಯಾಕೋ! 'ಕೂತ್ಕೋ' ಅಂದರೂ ಕೂರುತ್ತೆ. ಆದರೆ ನೀವು 'ಕೂತ್ಕೋ', ಯಜಮಾನರು 'ಸಿಟ್', ಅತ್ತೆ 'ಕುಂತ್ಕ' ಅಂದರೆ ಪಾಪ, ಅದೇನು ಮಾಡಬೇಕು? ಎಲ್ಲರೂ ಒಂದೇ ಪದ ಹೇಳಿ.

ದಿನಕ್ಕೆ ಐದು ನಿಮಿಷ, ಎರಡು ಸಲ. ಮೊದಲು ಕೂರುವುದು, ಪಕ್ಕದಲ್ಲಿ ನಡೆಯುವುದು. ಅದು ಬಂದ ಮೇಲೆ ತಿರುವು. ಕೊನೆಯ ಫಲಕವನ್ನು ಗೇಟಿನ ಹತ್ತಿರವೇ ಇಡಿ: 'ಕೂತ್ಕೋ'. ಹಗ್ಗ ಕೈಲಿರಲಿ. ಅದು ಕೂರುವವರೆಗೆ ಚಿಲಕ ತೆಗೆಯಬೇಡಿ.